200 ಗ್ರಾಂ ಒಣದ್ರಾಕ್ಷಿ ಅಂದ್ರೆ ಎಷ್ಟು ಕಪ್?

ಪ್ರಶ್ನೆ: ಹಣ್ಣಿನ ಕೇಕ್ ಮಾಡಬೇಕು. ಒಣದ್ರಾಕ್ಷಿ 200 ಗ್ರಾಂ, ಹೆಚ್ಚಿದ ಖರ್ಜೂರ 100 ಗ್ರಾಂ, ಒಣ ಏಪ್ರಿಕಾಟ್ 150 ಗ್ರಾಂ ಅಂತ ಬರೆದಿದೆ. ನಮ್ಮ ಮನೆಯಲ್ಲಿ ತೂಕದ ಯಂತ್ರ ಇಲ್ಲ, ಅಳತೆ ಕಪ್ ಮಾತ್ರ ಇದೆ. ಹುಡುಕಿದರೆ ಒಂದು ಕಪ್ ಒಣದ್ರಾಕ್ಷಿ ಒಂದು ಕಡೆ 145 ಗ್ರಾಂ, ಇನ್ನೊಂದು ಕಡೆ 165 ಗ್ರಾಂ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಿ. 145 ಸುಮ್ನೆ ಸುರಿದ ಕಪ್ಪಿನ ಲೆಕ್ಕ, 165 ಒತ್ತಿ ತುಂಬಿದ ಕಪ್ಪಿನದು. ಕಪ್ಪಿನಲ್ಲಿ ದ್ರಾಕ್ಷಿಯ ಜೊತೆ ಗಾಳಿಯೂ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ, ತುಂಬಿದೆ ಅಂದುಕೊಂಡ ಕಪ್ಪು ಕೆಳಗೆ ಇಳಿಯುತ್ತದೆ, ಮೇಲೆ ಇನ್ನೊಂದು ಸಣ್ಣ ಹಿಡಿ ಹಿಡಿಸುತ್ತದೆ. ಆ 20 ಗ್ರಾಂ ಅಲ್ಲಿಂದ ಬಂದದ್ದು. ಒತ್ತಬೇಕು ಅಂತ ಬರೆದಿಲ್ಲದಿದ್ದರೆ ಸುರಿದ ಲೆಕ್ಕವನ್ನೇ ಹಿಡಿಯಿರಿ.

ಹಾಗೆ ನೋಡಿದರೆ ನಿಮ್ಮ 200 ಗ್ರಾಂ ದ್ರಾಕ್ಷಿಗೆ ಒಂದು ಕಪ್, ಅದರ ಮೇಲೆ 6 ದೊಡ್ಡ ಚಮಚ. ಹೆಚ್ಚಿದ ಖರ್ಜೂರ ಕಪ್ಪಿಗೆ ಸುಮಾರು 147 ಗ್ರಾಂ ಬರುತ್ತದೆ, 100 ಗ್ರಾಂಗೆ ಮುಕ್ಕಾಲು ಕಪ್ಪಿಗಿಂತ ತುಸು ಕಡಿಮೆ ಸಾಕು. ಅರ್ಧ ಹೋಳಿನ ಏಪ್ರಿಕಾಟ್ ಕಪ್ಪಿಗೆ 130 ಗ್ರಾಂ ಆಸುಪಾಸು, ಅಂದ್ರೆ 150 ಗ್ರಾಂಗೆ ಒಂದು ಕಪ್ ಮತ್ತು ಎರಡೂವರೆ ದೊಡ್ಡ ಚಮಚ. ಇದೆಲ್ಲ 240 ಮಿ.ಲೀ. ಕಪ್ಪು, 15 ಮಿ.ಲೀ. ಚಮಚದ ಮಾತು. ನಿಮ್ಮದು 250 ಮಿ.ಲೀ. ಕಪ್ಪಾದರೆ ಅದರಲ್ಲಿ 145ರ ಬದಲು 151 ಗ್ರಾಂ ದ್ರಾಕ್ಷಿ ಕೂರುತ್ತದೆ. ಕಪ್ಪಿನ ತಳದಲ್ಲೋ ಹಿಡಿಯಲ್ಲೋ ಬರೆದಿರುತ್ತದೆ, ತಿರುಗಿಸಿ ನೋಡಿ.

ಜಾಸ್ತಿ ಎಡವುವುದು ಖರ್ಜೂರದಲ್ಲಿ. ‘ಒಂದು ಕಪ್ ಹೆಚ್ಚಿದ ಖರ್ಜೂರ’ ಬೇರೆ, ‘ಒಂದು ಕಪ್ ಖರ್ಜೂರ, ಹೆಚ್ಚಿಕೊಳ್ಳಿ’ ಬೇರೆ. ಮೊದಲನೆಯದರಲ್ಲಿ ಹೆಚ್ಚಿ ಅಳೆಯಬೇಕು, ಎರಡನೆಯದರಲ್ಲಿ ಅಳೆದು ಹೆಚ್ಚಬೇಕು. ಇಡೀ ಹಣ್ಣುಗಳ ನಡುವೆ ಸಂದು ದೊಡ್ಡದು, ಹಾಗಾಗಿ ಎರಡನೆಯ ಕಪ್ಪು ಹಗುರ. ಹೆಚ್ಚಿದ ತುಂಡುಗಳೋ ಅಂಟಿಕೊಂಡು ಮುದ್ದೆಯಾಗುತ್ತವೆ. ಕೇಕಿಗೆ ಅಳೆದಿಟ್ಟ ಹಿಟ್ಟಿನಲ್ಲೇ ಒಂದು ಚಿಟಿಕೆ ತೆಗೆದು ಅದರಲ್ಲಿ ಹೊರಳಿಸಿದರೆ ಬಿಡಿಬಿಡಿಯಾಗಿ ಕಪ್ಪಿಗೆ ಬೀಳುತ್ತವೆ.

ಯಂತ್ರ ಇಲ್ಲದವರಿಗೆ ನಾನು ಹೇಳುವ ಉಪಾಯ ಇನ್ನೊಂದು. ಪೊಟ್ಟಣದ ಮೇಲೆ ತೂಕ ಇದ್ದೇ ಇರುತ್ತದಲ್ವಾ? ಒಡೆದ ಕೂಡಲೇ ಅಷ್ಟನ್ನೂ ಕಪ್ಪಿನಲ್ಲಿ ಅಳೆಯಿರಿ. 500 ಗ್ರಾಂ ಪೊಟ್ಟಣ ಮೂರೂವರೆ ಕಪ್ ಆಯಿತು ಅನ್ನಿ, ನಿಮ್ಮ ಕಪ್ಪಿಗೆ 143 ಗ್ರಾಂ. ಡಬ್ಬದ ಮುಚ್ಚಳದ ಮೇಲೆ ಬರೆದಿಡಿ. ನಿಮ್ಮ ಕಪ್ಪು, ನಿಮ್ಮ ಕೈ, ನಿಮ್ಮ ದ್ರಾಕ್ಷಿಯ ಲೆಕ್ಕ ಅದು. ಯಾವ ಪಟ್ಟಿಗಿಂತಲೂ ನಾನು ಅದನ್ನೇ ನಂಬುತ್ತೇನೆ.

ಕೇಕಿಗೆ 10–15 ಗ್ರಾಂ ಹಣ್ಣು ಹೆಚ್ಚುಕಮ್ಮಿ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಖರ್ಜೂರ ರುಬ್ಬಿ ಸಕ್ಕರೆಯ ಬದಲು ಹಾಕುವಾಗ ಮಾತ್ರ ಕಪ್ಪಿನ ಅಂದಾಜು ಸಾಲದು. ಸಿಹಿಯ ಜೊತೆ ಹಿಟ್ಟಿನ ಹದವೂ ಕೆಡುತ್ತದೆ.

ಪ್ರಶ್ನೆ: ಅಳೆಯುವುದು ನೆನೆಸುವ ಮೊದಲೋ, ಆಮೇಲೋ?

ಉತ್ತರ: ಮೊದಲು. ನೆನೆದ ಹಣ್ಣು ನೀರು ಕುಡಿದು ಉಬ್ಬುತ್ತದೆ, ತೂಕವೂ ಗಾತ್ರವೂ ಏರುತ್ತದೆ. ಆಮೇಲೆ 200 ಗ್ರಾಂ ತೂಗಿದರೆ ಅದರಲ್ಲಿ ಒಂದು ಪಾಲು ನೀರೇ. ‘ನೆನೆಸಿ ಬಸಿದ ದ್ರಾಕ್ಷಿ 200 ಗ್ರಾಂ’ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬಸಿದ ಮೇಲೆ ಅಳೆಯಿರಿ.