ಕಮಿಷನ್ ಹಣ ಯಾವ ದಿನ ಕೈಸೇರುತ್ತದೆ?

ಪ್ರಶ್ನೆ: ಯಲಹಂಕದಲ್ಲಿದ್ದೇನೆ, ವಯಸ್ಸು 27. ಬಿಲ್ಡರುಗಳ ಫ್ಲ್ಯಾಟ್ ಮಾರಿಸುವ ಚಾನೆಲ್ ಪಾರ್ಟ್‌ನರ್ ಸಂಸ್ಥೆಯೊಂದು ಸಂಬಳವಿಲ್ಲದೆ, ಮಾರಾಟಕ್ಕೆ ಶೇ 1ರಷ್ಟು ಕಮಿಷನ್ ಕೊಡುವುದಾಗಿ ಹೇಳಿದೆ. 24,000 ರೂಪಾಯಿ ಸಂಬಳದ ಕೆಲಸ ಬಿಡಬಹುದೇ?

ತೆರಿಗೆ ಸಲಹೆಗಾರರ ಉತ್ತರ: ಇಂಥ ಪತ್ರಗಳು ತಪ್ಪದೆ ಬರುತ್ತಲೇ ಇವೆ. ಎಲ್ಲದರಲ್ಲೂ ಕಮಿಷನ್ ಎಷ್ಟೆಂಬುದು ಇರುತ್ತದೆ; ಹಣ ಯಾವ ದಿನ ಕೈಸೇರುತ್ತದೆ ಎಂದು ವಿಚಾರಿಸಿದವರು ಯಾರೂ ಕಾಣುವುದಿಲ್ಲ. 60 ಲಕ್ಷದ ಫ್ಲ್ಯಾಟಿಗೆ ನಿಮಗೆ ಸಿಗುವುದು 60,000 ರೂಪಾಯಿ. ಅಂದರೆ ಎರಡೂವರೆ ತಿಂಗಳಿಗೊಂದು ಫ್ಲ್ಯಾಟ್ ಮಾರಿದರೆ ಈಗಿನ ಸಂಬಳಕ್ಕೆ ಸಮ, ಅದೂ ಪೆಟ್ರೋಲ್ ಖರ್ಚು ಕಳೆಯುವ ಮೊದಲು. ರೇರಾ (ಸ್ಥಿರಾಸ್ತಿ ವ್ಯವಹಾರ ನಿಯಂತ್ರಣ) ಕಾಯ್ದೆಯ 13ನೇ ಕಲಮಿನಂತೆ ಮಾರಾಟದ ಕರಾರು ನೋಂದಣಿಯಾಗುವವರೆಗೆ ಬಿಲ್ಡರ್ ಫ್ಲ್ಯಾಟಿನ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲವಾದ್ದರಿಂದ, ಬುಕಿಂಗ್ ಆದ ಕೂಡಲೇ ಕಮಿಷನ್ ಬಿಡುಗಡೆ ಮಾಡಲು ಅವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕರಾರು ನೋಂದಣಿಯಾಗಿ, ಗ್ರಾಹಕರ ಸಾಲ ಮಂಜೂರಾಗಿ, ಬಿಲ್ಡರ್ ನಿಮ್ಮ ಸಂಸ್ಥೆಗೆ ಪಾವತಿಸಿದ ಮೇಲೆ ನಿಮ್ಮ ಪಾಲು ಬರುತ್ತದೆ. ನಡುವೆ ಬುಕಿಂಗ್ ರದ್ದಾದರೆ ನಾಲ್ಕು ಭಾನುವಾರ ದೇವನಹಳ್ಳಿಗೆ ಓಡಾಡಿದ ಖರ್ಚು ನಿಮ್ಮ ತಲೆಗೇ ಬೀಳುತ್ತದೆ.

ಕಮಿಷನ್ ಯಾವ ಹಂತದಲ್ಲಿ ನಿಮ್ಮದಾಗುತ್ತದೆ, ರದ್ದಾದರೆ ವಾಪಸು ಹಿಡಿಯುತ್ತಾರೆಯೇ, ನೀವು ಬಿಟ್ಟುಹೋದ ಮೇಲೆ ನೋಂದಣಿಯಾದ ಫ್ಲ್ಯಾಟಿನ ಹಣ ಕೊಡುತ್ತಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಹೆಚ್ಚಿನ ಜಗಳಗಳು ಹುಟ್ಟುವುದು ಮೂರನೆಯದರಿಂದಲೇ. ನಿಮ್ಮನ್ನು ನೌಕರರೆಂದು ಪರಿಗಣಿಸದಿದ್ದರೆ ಭವಿಷ್ಯ ನಿಧಿಯೂ ಇಲ್ಲ, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕೂಡ ಇಲ್ಲ. ಜೊತೆಗೆ ಸ್ವತಂತ್ರ ದಲ್ಲಾಳಿಯಾಗಿ ರೇರಾ ನೋಂದಣಿಯಿಲ್ಲದೆ ವ್ಯವಹಾರ ಕುದುರಿಸಿದರೆ ದಿನಕ್ಕೆ 10,000 ರೂಪಾಯಿ ದಂಡ ಬೀಳಬಹುದು.

ಈ ವೃತ್ತಿಯನ್ನು ನಾನು ಹೀಗಳೆಯುತ್ತಿಲ್ಲ. ಗಳಿಕೆಗೆ ಮೇಲ್ಮಿತಿಯಿಲ್ಲ, ವೇಳೆ ನಿಮ್ಮದೇ, ಪರಿಚಯದ ಬಳಗ ದೊಡ್ಡದಿದ್ದವರು ಇದರಲ್ಲಿ ಚೆನ್ನಾಗಿ ಸಂಪಾದಿಸುತ್ತಾರೆ. ಆದರೂ ಎಂಟು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿಲ್ಲದೆ, ಅದರಲ್ಲೂ ಇಎಂಐ ಕಟ್ಟುತ್ತಿರುವಾಗ, ಸಂಬಳ ಬಿಡಬೇಡಿ. ನನ್ನದು ಅತಿ ಎಚ್ಚರಿಕೆ ಎನ್ನುವವರಿದ್ದಾರೆ. ಬಾಡಿಗೆ ಕಟ್ಟಲಾಗದೆ ನನ್ನೆದುರು ಬಂದು ಕುಳಿತವರನ್ನು ಅವರು ಕಂಡಿಲ್ಲ.

ಪ್ರಶ್ನೆ: ಕಮಿಷನ್‌ನಲ್ಲಿ ಶೇ 2 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದಿದ್ದಾರೆ. ಆದಾಯ ತೆರಿಗೆ ರಿಟರ್ನಿನ ಸರಳ ನಮೂನೆ ಐಟಿಆರ್-4 ಸಲ್ಲಿಸಿದರೆ ಸಾಕೇ?

ಉತ್ತರ: ಸಾಲದು. ಆ ನಮೂನೆಯಲ್ಲಿ ವ್ಯಾಪಾರಿಗಳಿಗಿರುವ ಅಂದಾಜು ಆದಾಯದ ಸೌಲಭ್ಯ, ಅಂದರೆ ಲೆಕ್ಕಪತ್ರವಿಲ್ಲದೆ ವಹಿವಾಟಿನ ಇಂತಿಷ್ಟು ಪಾಲನ್ನು ಲಾಭವೆಂದು ತೋರಿಸುವ ಅವಕಾಶ, ಕಮಿಷನ್ ಮತ್ತು ದಲ್ಲಾಳಿ ಆದಾಯಕ್ಕೆ ಅನ್ವಯಿಸುವುದಿಲ್ಲ. ಐಟಿಆರ್-3 ಸಲ್ಲಿಸಿ, ಪೆಟ್ರೋಲ್ ಮತ್ತು ಫೋನಿನ ಬಿಲ್ಲುಗಳನ್ನು ಇಟ್ಟುಕೊಂಡು ಖರ್ಚು ತೋರಿಸಿ. ಐಟಿಆರ್-4ರಲ್ಲಿ ಹೆಚ್ಚು ಮರುಪಾವತಿ ಕೊಡಿಸುತ್ತೇವೆಂದು ಯೂಟ್ಯೂಬಿನಲ್ಲಿ ಹೇಳುವವರು ಇಲಾಖೆಯ ನೋಟಿಸಿಗೆ ಉತ್ತರಿಸಲು ಬರುವುದಿಲ್ಲ.

ಪ್ರಶ್ನೆ: ವಿಮಾ ಏಜೆಂಟ್ ಆಗಿದ್ದೇನೆ. ಗ್ರಾಹಕರು ನನ್ನ ಕಮಿಷನ್‌ನಲ್ಲಿ ಪಾಲು ಕೇಳುತ್ತಾರೆ.

ಉತ್ತರ: ಕೊಡಬೇಡಿ, ವಿಮಾ ಕಾಯ್ದೆಯ 41ನೇ ಕಲಮಿನಡಿ ಅದು ಅಪರಾಧ, ದಂಡ 10 ಲಕ್ಷ ರೂಪಾಯಿಯವರೆಗೆ ಇದೆ.

ಪ್ರಶ್ನೆ: 15,000 ರೂಪಾಯಿ ಕಟ್ಟಿ ಸದಸ್ಯನಾಗಿ ಇನ್ನಿಬ್ಬರನ್ನು ಸೇರಿಸಿದರೆ ಕಮಿಷನ್ ಬರುತ್ತದಂತೆ.

ಉತ್ತರ: ಅದು ಮಾರಾಟದ ಕೆಲಸವೇ ಅಲ್ಲ, 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿರುವ ಪಿರಮಿಡ್ ಯೋಜನೆ, ಒಂದು ರೂಪಾಯಿಯನ್ನೂ ಕಟ್ಟಬೇಡಿ.