ಗಂಡ-ಹೆಂಡತಿ ಇಬ್ಬರೂ ದುಡಿದರೂ ಬಡತನ ಯಾಕೆ ಬಿಡುವುದಿಲ್ಲ?

ಪ್ರಶ್ನೆ: ನಾವು ಧಾರವಾಡದವರು. ಪುಣೆಯ ವಾರ್ಜೆಗೆ ಬಂದು ಹದಿನೈದು ವರ್ಷವಾಯಿತು. ನಮ್ಮ ಸೊಸೈಟಿ ಪಕ್ಕ ಏಳುತ್ತಿರುವ ಕಟ್ಟಡದಲ್ಲಿ ಯಾದಗಿರಿ ಕಡೆಯ ಒಂದು ಕುಟುಂಬ ಕೆಲಸಕ್ಕಿದೆ. ಅವನು ಗೌಂಡಿ, ಹೆಂಡತಿ ಬಿಗಾರಿ. ಕುಡಿತ ಇಲ್ಲ, ಒಂದು ದಿನವೂ ಸುಮ್ನೆ ಕೂತವರಲ್ಲ. ಆದರೂ ವರ್ಷಗಟ್ಟಲೆ ಅದೇ ಪತ್ರಾ ಶೆಡ್ಡು, ಅದೇ ಸಾಲ. ಆಫೀಸಿನಲ್ಲಿ ಈ ಮಾತು ಬಂದರೆ ‘ಬಡವರಿಗೆ ಬುದ್ಧಿ ಇಲ್ಲ’ ಅನ್ನುತ್ತಾರೆ. ಜಗತ್ತಿನ ಎಲ್ಲ ಕಡೆಯೂ ಹೀಗೇನಾ? ಇದಕ್ಕೆ ಮದ್ದೇ ಇಲ್ಲವೇ?

ಉತ್ತರ: ನಿಮ್ಮ ಆಫೀಸಿನವರ ಮಾತು ತಪ್ಪು. ಬಡವರಿಗೆ ಬುದ್ಧಿಯೂ ಇದೆ, ಮೈಮುರಿದು ದುಡಿಯುವ ಕಸುವೂ ಇದೆ. ಇಲ್ಲದಿರುವುದು ಒಂದು ಪೆಟ್ಟು ಬಿದ್ದರೆ ತಡೆದುಕೊಳ್ಳುವ ಆಸರೆ.

ಯಾದಗಿರಿ, ಕಲಬುರಗಿ, ವಿಜಯಪುರದಿಂದ ಗುಳೆ ಬರುವ ಎಷ್ಟೋ ಮನೆಗಳ ಲೆಕ್ಕ ಹೀಗಿರುತ್ತದೆ. ಊರು ಬಿಡುವ ಮೊದಲೇ, ಕೂಲಿಯಾಳುಗಳನ್ನು ಕರೆತರುವ ಮುಕಾದಮನಿಂದ ಮುಂಗಡ ತಗೊಂಡಿರುತ್ತಾರೆ. ಆ ದುಡ್ಡು ಅಪ್ಪನ ಆಸ್ಪತ್ರೆ ಖರ್ಚಿಗೋ, ತಂಗಿಯ ಮದುವೆಗೋ, ಮಳೆ ಕೈಕೊಟ್ಟು ಒಣಗಿದ ತೊಗರಿಯ ಬೀಜ-ಗೊಬ್ಬರದ ಸಾಲಕ್ಕೋ ಆಗಲೇ ಹೋಗಿರುತ್ತದೆ. ಇಲ್ಲಿ ವಾರದ ಬಟವಾಡೆಯಲ್ಲಿ ಖರ್ಚಿಗಷ್ಟೇ ಕೊಡುತ್ತಾರೆ. ಉಳಿದಿದ್ದು ಮುಂಗಡಕ್ಕೆ ವಜಾ. ಪಕ್ಕದ ಸೈಟಿನಲ್ಲಿ ನೂರು ರೂಪಾಯಿ ಜಾಸ್ತಿ ಕೂಲಿ ಇದ್ದರೂ ಹೋಗುವ ಹಾಗಿಲ್ಲ, ಸಾಲ ಕಟ್ಟಿಹಾಕಿರುತ್ತದೆ. ಮುಂಗಡ ತೀರುವ ಹೊತ್ತಿಗೆ ಊರಿಂದ ಇನ್ನೊಂದು ಫೋನ್ ಬರುತ್ತದೆ.

ಇದು ಅವರ ಹಣೆಬರಹ ಅಂದುಕೊಳ್ಳಬೇಡಿ. ಕರ್ನಾಟಕದಲ್ಲಿ ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂದು ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಲೆಕ್ಕ ಹಾಕಿ ಕೊಟ್ಟಿತ್ತು. ಅತಿ ಹಿಂದುಳಿದ ತಾಲ್ಲೂಕುಗಳು ಜಾಸ್ತಿ ಇದ್ದಿದ್ದು ಇದೇ ಕಲಬುರಗಿ ವಿಭಾಗದಲ್ಲಿ. ನೀರಾವರಿ, ಶಾಲೆ, ಆಸ್ಪತ್ರೆಗೆ ದುಡ್ಡು ಹರಿಯದ ಕಡೆಯಿಂದ ಜನ ಎದ್ದು ಬರುತ್ತಾರೆ.

ಈಗ ಜಗತ್ತಿನ ಮಾತು. ದಿನಕ್ಕೆ 3 ಡಾಲರ್‌ಗಿಂತ ಕಡಿಮೆಯಲ್ಲಿ ಬದುಕುವವರನ್ನು ವಿಶ್ವಬ್ಯಾಂಕ್ ಕಡುಬಡವರು ಎನ್ನುತ್ತದೆ. ಇದು ಬ್ಯಾಂಕಿನ ವಿನಿಮಯ ದರದ ಲೆಕ್ಕ ಅಲ್ಲ. ಅಮೆರಿಕದಲ್ಲಿ 3 ಡಾಲರ್‌ಗೆ ಸಿಗುವಷ್ಟು ಸಾಮಾನು ಆಯಾ ದೇಶದಲ್ಲಿ ಕೊಳ್ಳಲು ಎಷ್ಟು ಬೇಕೋ ಅಷ್ಟು. ಅಂಥವರು ಈಗ ಸುಮಾರು 80 ಕೋಟಿ, ಅಂದರೆ ಹತ್ತರಲ್ಲಿ ಒಬ್ಬರು. 1990ರಲ್ಲಿ ಇದೇ ಲೆಕ್ಕದಲ್ಲಿ 200 ಕೋಟಿಗೂ ಜಾಸ್ತಿ ಇದ್ದರು. ಹಾಗಾಗಿ ಮದ್ದೇ ಇಲ್ಲ ಅನ್ನುವ ಮಾತು ನಿಲ್ಲುವುದಿಲ್ಲ. ಚೀನಾ ಒಂದೇ ನಲವತ್ತು ವರ್ಷಗಳಲ್ಲಿ ಸುಮಾರು 80 ಕೋಟಿ ಜನರನ್ನು ಕಡುಬಡತನದಿಂದ ಎತ್ತಿತು. ಮೊದಲು ಬೆಳೆಯ ಮೇಲೆ ರೈತ ಕುಟುಂಬಕ್ಕೆ ಹಕ್ಕು, ಆಮೇಲೆ ಕಾರ್ಖಾನೆ.

ಇಳಿಯದೆ ನಿಂತಿರುವುದು ಹೆಚ್ಚಾಗಿ ಸಹಾರಾದ ಕೆಳಗಿನ ಆಫ್ರಿಕಾದಲ್ಲಿ. ಅಲ್ಲಿನ ದೇಶಗಳ ಸ್ಥಿತಿ ನೋಡಿದರೆ ನಿಮ್ಮ ಗೌಂಡಿಯ ಲೆಕ್ಕವೇ ನೆನಪಾಗುತ್ತದೆ. ಐವರಿ ಕೋಸ್ಟ್ ಮತ್ತು ಘಾನಾ ಸೇರಿ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಕೋಕೋ ಬೆಳೆಯುತ್ತವೆ. ಚಾಕೊಲೇಟಿನ ಲಾಭದ ದೊಡ್ಡ ಪಾಲು ಬೇರೆಯವರಿಗೆ. ಬೀಜದ ಬೆಲೆ ಬಿದ್ದರೆ ಸರ್ಕಾರದ ಬೊಕ್ಕಸವೂ ಬೀಳುತ್ತದೆ. ಆಗ ಸಾಲ, ಸಾಲಕ್ಕೆ ಬಡ್ಡಿ. ಆರೋಗ್ಯಕ್ಕೋ ಶಿಕ್ಷಣಕ್ಕೋ ಇಡುವುದಕ್ಕಿಂತ ಜಾಸ್ತಿ ದುಡ್ಡನ್ನು ಬಡ್ಡಿಗೇ ಕಟ್ಟುವ ದೇಶಗಳಲ್ಲಿ ಇವತ್ತು 300 ಕೋಟಿಗೂ ಹೆಚ್ಚು ಜನ ಇದ್ದಾರೆ ಎಂದು ವಿಶ್ವಸಂಸ್ಥೆಯೇ ಹೇಳುತ್ತದೆ. ಜಾಂಬಿಯಾ 2020ರಲ್ಲಿ, ಶ್ರೀಲಂಕಾ 2022ರಲ್ಲಿ ಕಂತು ಕಟ್ಟಲಾಗದೆ ಕೈಚೆಲ್ಲಿದವು. ಇಂಥ ದೇಶಗಳ ಸಾಲವನ್ನು ಬೇಗ ಇಳಿಸದೆ ಬರೀ ನೆರವಿನ ಮಾತಾಡಿದರೆ ಪ್ರಯೋಜನ ಇಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಪರಿಣಾಮಗಳಲ್ಲಿ ನನಗೆ ತೀರಾ ಸಂಕಟವಾಗುವುದು ಮಕ್ಕಳದು. ಎರಡು ವರ್ಷದೊಳಗೆ ಹೊಟ್ಟೆಗೆ ಸರಿಯಾಗಿ ಬೀಳದ ಮಗು ಕುಳ್ಳಾಗಿಯೇ ಉಳಿಯುತ್ತದೆ. ಕಲಿಕೆಗೂ ಪೆಟ್ಟು, ಮುಂದೆ ದುಡಿಯುವ ಶಕ್ತಿಗೂ ಪೆಟ್ಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಅಪ್ಪ-ಅಮ್ಮನ ಬಡತನ ಹೀಗೆ ಮಕ್ಕಳ ಮೈಗೂ ಇಳಿಯುತ್ತದೆ.

ಇನ್ನು ಪರಿಹಾರ. ನಿಮ್ಮ ಪಗಾರದ ಚೀಟಿ ತೆಗೆದು ನೋಡಿ. ಪ್ರೊಫೆಷನ್ ಟ್ಯಾಕ್ಸ್ ಎಂದು ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300 ಕಡಿತ ಆಗಿರುತ್ತದೆ ಅಲ್ವಾ? ಮಹಾರಾಷ್ಟ್ರ ಈ ತೆರಿಗೆ ತಂದಿದ್ದು 1975ರಲ್ಲಿ, ಹಳ್ಳಿಯ ಬಡವರಿಗೆ ಕೆಲಸ ಕೊಡಲು. 1972ರ ಬರದಲ್ಲಿ ಈ ರಾಜ್ಯದ ಹೊಲಗಳೆಲ್ಲ ಒಣಗಿದ್ದವು. ಸರ್ಕಾರ ರಸ್ತೆ, ಕೆರೆ, ಬದುವಿನ ಕೆಲಸ ತೆರೆದು ಲಕ್ಷಾಂತರ ಜನರಿಗೆ ಕೂಲಿ ಕೊಟ್ಟಿತು. ಆಗ ರಾಜ್ಯದ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ಸಾಂಗ್ಲಿ ಕಡೆಯ ವಿ. ಎಸ್. ಪಾಗೆ ಅವರು ಮೊದಲಿನಿಂದ ಹೇಳುತ್ತಿದ್ದ ಉದ್ಯೋಗ ಖಾತ್ರಿಯ ಯೋಚನೆ 1977ರಲ್ಲಿ ಕಾಯ್ದೆಯೇ ಆಯಿತು. ಕೆಲಸ ಕೇಳಿದವರಿಗೆ ಕೆಲಸ ಕೊಡುವುದು ಸರ್ಕಾರದ ಹೊಣೆ ಎಂದಾಯಿತು. 2005ರಲ್ಲಿ ಇಡೀ ದೇಶದ ಹಳ್ಳಿಗಳಿಗೆ 100 ದಿನದ ಕೆಲಸದ ಕಾಯ್ದೆ ಬಂದಾಗ ಅದಕ್ಕೆ ಮಾದರಿ ಇದೇ.

ಪಟ್ಟಣದ ನೌಕರರ ಪಗಾರದ ಒಂದು ಚೂರು ಹಳ್ಳಿಯ ಕೂಲಿಗೆ ಹೋಗಲಿ ಎಂದು ಒಂದು ರಾಜ್ಯ ತೀರ್ಮಾನಿಸಿದ್ದು ಸಣ್ಣ ಸಂಗತಿ ಅಲ್ಲ. ಆಫೀಸಿನಲ್ಲಿ ಮುಂದಿನ ಸಲ ಮಾತು ಬಂದರೆ ಇದನ್ನು ಹೇಳಿ. ಊರಲ್ಲೇ ಕೆಲಸ ಸಿಗುವ ಭರವಸೆ ಇದ್ದರೆ ಮುಕಾದಮನ ಹತ್ತಿರ ಚೌಕಾಸಿ ಮಾಡುವ ಧೈರ್ಯ ಬರುತ್ತದೆ. ಅಂಥ ಕೆಲಸದ ಕೂಲಿ ಎರಡು-ಮೂರು ತಿಂಗಳು ತಡವಾದರೆ ಅದೇ ಧೈರ್ಯ ಹೋಗುತ್ತದೆ.

ಇನ್ನೊಂದು ದಾರಿ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಶುರು ಮಾಡಿದ್ದು. ಕಡುಬಡ ಹೆಂಗಸರಿಗೆ ಹಸುವೋ ಆಡೋ ಕೊಡುತ್ತಾರೆ. ಅದನ್ನು ಹಸಿವಿಗೆ ಮಾರಿಕೊಳ್ಳದಿರಲಿ ಎಂದು ಕೆಲವು ತಿಂಗಳು ಖರ್ಚಿಗೂ ಕೊಡುತ್ತಾರೆ. ತರಬೇತಿ, ಉಳಿತಾಯದ ಜೊತೆಗೆ ಒಬ್ಬರು ಆಗಾಗ ಮನೆಗೆ ಬಂದು ವಿಚಾರಿಸುತ್ತಾರೆ. ಮುಂಬೈಯಲ್ಲಿ ಹುಟ್ಟಿ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಇದನ್ನು ಭಾರತವೂ ಸೇರಿ ಆರು ದೇಶಗಳಲ್ಲಿ ಪರೀಕ್ಷಿಸಿದರು. ಯೋಜನೆ ಮುಗಿದು ವರ್ಷ ಕಳೆದ ಮೇಲೂ ಊಟ, ಆದಾಯ ಎರಡೂ ಸುಧಾರಿಸಿಯೇ ಇದ್ದವು.

ಪ್ರಶ್ನೆ: ಅದೇ ಕುಟುಂಬಕ್ಕೆ ದುಡ್ಡು ಕೊಡುವುದು ಬಿಟ್ಟು ನಾನು ಏನು ಮಾಡಬಹುದು?

ಉತ್ತರ: ಕಾಗದಪತ್ರಕ್ಕೆ ಜೊತೆಯಾಗಿ. ಕಟ್ಟಡ ಖರ್ಚಿನ ಶೇ. 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಅದರ ಲಾಭ ಸಿಗಬೇಕಾದರೆ ಗಂಡ-ಹೆಂಡತಿ ಇಬ್ಬರೂ ಮಹಾರಾಷ್ಟ್ರದ ಮಂಡಳಿಯಲ್ಲಿ ಹೆಸರು ಬರೆಸಬೇಕು. ವಯಸ್ಸು 18ರಿಂದ 60ರೊಳಗೆ ಇರಬೇಕು, ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಅದಕ್ಕೆ ಸಹಿ ಹಾಕಲು ಕಂಟ್ರಾಕ್ಟರ್ ಹಿಂದೆಮುಂದೆ ನೋಡುವುದುಂಟು. ನಿಮ್ಮಂಥವರು ಜೊತೆಗೆ ಹೋಗಿ ಮರಾಠಿಯಲ್ಲಿ ನಾಲ್ಕು ಮಾತಾಡಿದರೆ ಕೆಲಸ ಆಗುತ್ತದೆ.

ಊರಿನ ರೇಷನ್ ಕಾರ್ಡಿಗೆ ಆಧಾರ್ ಜೋಡಣೆ ಆಗಿದ್ದರೆ ಕೇಂದ್ರದ ಪಾಲಿನ ಧಾನ್ಯವನ್ನು ಇಲ್ಲಿನ ರೇಷನ್ ಅಂಗಡಿಯಲ್ಲೇ ಪಡೆಯಬಹುದು. ಊರಲ್ಲಿರುವ ಅಜ್ಜ-ಅಜ್ಜಿಯ ಪಾಲು ಅಲ್ಲೇ ಸಿಗುತ್ತದೆ. ಆರು ವರ್ಷ ದಾಟಿದ ಮಗು ಇದ್ದರೆ ಶಾಲೆಗೆ ಸೇರಿಸಿ. ವರ್ಷದ ಮಧ್ಯೆ ಬಂದರು, ಜನನ ಪ್ರಮಾಣಪತ್ರ ಇಲ್ಲ ಎಂದು ಸೇರಿಸಿಕೊಳ್ಳದೆ ವಾಪಸ್ ಕಳಿಸಲು 2009ರ ಶಿಕ್ಷಣ ಹಕ್ಕು ಕಾಯ್ದೆ ಬಿಡುವುದಿಲ್ಲ. ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಮುಂದಿನ ಸಲ ಸೈಟು ಬದಲಾದಾಗ ಹೊಸ ಶಾಲೆಯಲ್ಲಿ ಮಾತಾಡಬೇಕಾದವರು ಅವರೇ.