ಓದುಗರ ಪ್ರಶ್ನೆಗಳಿಗೆ ಉತ್ತರ: ಐಕಿಡೊ ಕ್ಲಬ್ ಸೇರುವ ಮುನ್ನ

ಪ್ರಶ್ನೆ: ನನಗೆ 34 ವರ್ಷ. ಇಡೀ ದಿನ ಕಂಪ್ಯೂಟರ್ ಮುಂದೆ ಕುಳಿತು ಮಾಡುವ ಕೆಲಸ. ನಮ್ಮ ಬಡಾವಣೆಯ ಸಮೀಪ ವಾರಕ್ಕೆ ಮೂರು ಸಂಜೆ ಐಕಿಡೊ ತರಗತಿ ನಡೆಯುತ್ತಿದ್ದು, ಸೇರಬೇಕೆಂಬ ಆಸೆಯಿದೆ. ಇದುವರೆಗೆ ಯಾವ ಸಮರಕಲೆಯನ್ನೂ ಕಲಿತವನಲ್ಲ. ಶುಲ್ಕ ಕಟ್ಟುವ ಮೊದಲು ಏನೇನು ವಿಚಾರಿಸಬೇಕು? ಮೊದಲ ಕೆಲವು ತಿಂಗಳುಗಳಲ್ಲಿ ಏನು ಕಲಿಸುತ್ತಾರೆ?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಶುಲ್ಕ ಕಟ್ಟುವ ಮೊದಲು ಒಂದು ತರಗತಿಯನ್ನು ಆರಂಭದಿಂದ ಮುಗಿಯುವವರೆಗೆ ಪಕ್ಕದಲ್ಲಿ ಕುಳಿತು ನೋಡಿ. ಇದಕ್ಕೆ ಅವಕಾಶ ಕೊಡದ ಕ್ಲಬ್ಬನ್ನು ಅಲ್ಲಿಗೇ ಬಿಟ್ಟುಬಿಡಬಹುದು. ನೋಡುವಾಗ ಗುರುಗಳು ಎಷ್ಟು ಸೊಗಸಾಗಿ ಎಸೆಯುತ್ತಾರೆ ಎಂಬುದರ ಮೇಲೆ ಗಮನವಿಡುವುದಕ್ಕಿಂತ, ತರಗತಿಯಲ್ಲಿರುವ ಅತ್ಯಂತ ಹೊಸಬರನ್ನು ಅಲ್ಲಿನ ಹಿರಿಯ ವಿದ್ಯಾರ್ಥಿಗಳು ಹೇಗೆ ಹಿಡಿಯುತ್ತಾರೆ, ಹೇಗೆ ಬೀಳಿಸುತ್ತಾರೆ, ಬಿದ್ದ ಮೇಲೆ ಅವರು ಎದ್ದು ನಿಲ್ಲುವವರೆಗೆ ಕಾಯುತ್ತಾರೆಯೇ ಎಂಬುದನ್ನು ನೋಡಿ. ಹೊಸಬರ ಮೈ ಎಷ್ಟು ತಾಳುತ್ತದೆಯೋ ಅಷ್ಟಕ್ಕೇ ತಮ್ಮ ವೇಗವನ್ನು ಇಳಿಸಿಕೊಳ್ಳುವ ಹಿರಿಯರಿದ್ದರೆ ಅದು ಸೇರಬಹುದಾದ ಕ್ಲಬ್. ಕ್ಲಬ್ಬಿನ ಆಯ್ಕೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಇದಕ್ಕೇ.

ಕಲೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಜಪಾನಿನ ಮೊರಿಹೆಯಿ ಉಯೆಶಿಬಾ (1883–1969) ಅವರು ತಕೆದಾ ಸೊಕಾಕು ಅವರಿಂದ ಕಲಿತ ದೈತೊ-ರ್ಯೂ ಜುಜುತ್ಸು ಎಂಬ ಸಮರಕಲೆಯ ತಳಹದಿಯ ಮೇಲೆ ಈ ಕಲೆಯನ್ನು ರೂಪಿಸಿದರು. 1942ರ ಹೊತ್ತಿಗೆ ಇದಕ್ಕೆ ಐಕಿಡೊ ಎಂಬ ಹೆಸರು ನಿಂತಿತು. ಅವರ ಶಿಷ್ಯರಿಂದ ಹಲವು ಶಾಖೆಗಳು ಹುಟ್ಟಿದವು. ಟೋಕಿಯೊದಲ್ಲಿ ಕೇಂದ್ರವಿರುವ ಐಕಿಕೈ ಸಂಸ್ಥೆಯನ್ನು ಇಂದಿಗೂ ಉಯೆಶಿಬಾ ಮನೆತನವೇ ನಡೆಸುತ್ತಿದೆ. ಗೊಜೊ ಶಿಯೊದಾ ಅವರ ಯೊಶಿನ್‌ಕಾನ್ ಶಾಖೆಯಲ್ಲಿ ನಿಲುವು ಮತ್ತು ಹೆಜ್ಜೆಗಳ ಕಟ್ಟುನಿಟ್ಟು ಹೆಚ್ಚು. ಕೆಂಜಿ ತೊಮಿಕಿ ಅವರ ಶಾಖೆಯಲ್ಲಿ ಸ್ಪರ್ಧೆಯೂ ಉಂಟು, ಉಳಿದ ಬಹುತೇಕ ಶಾಖೆಗಳಲ್ಲಿ ಸ್ಪರ್ಧೆಯಿಲ್ಲ. ನಿಮ್ಮ ಕ್ಲಬ್ ಯಾವ ಶಾಖೆಗೆ ಸೇರಿದ್ದು, ಗುರುಗಳ ದಾನ್ (ಕಪ್ಪು ಪಟ್ಟಿಯ) ದರ್ಜೆಯನ್ನು ನೀಡಿದ ಸಂಸ್ಥೆ ಯಾವುದು ಎಂದು ನೇರವಾಗಿ ಕೇಳಿ. ಇದು ಅವಮರ್ಯಾದೆಯ ಪ್ರಶ್ನೆಯಲ್ಲ. ಸರಿಯಾಗಿ ಕಲಿತ ಗುರುಗಳು ತಮ್ಮ ಗುರುಗಳ ಹೆಸರನ್ನು ಸಂತೋಷದಿಂದಲೇ ಹೇಳುತ್ತಾರೆ.

ಮೊದಲ ತಿಂಗಳುಗಳಲ್ಲಿ ನೀವು ಹೆಚ್ಚಾಗಿ ಕಲಿಯುವುದು ಬೀಳುವುದನ್ನು. ಇದನ್ನು ಉಕೆಮಿ ಎನ್ನುತ್ತಾರೆ. ಮುಂದಕ್ಕೆ ಉರುಳುವಾಗ ಬಲಗಾಲು ಮುಂದಿದ್ದರೆ ಬಲಗೈಯ ಕಿರುಬೆರಳಿನ ಅಂಚು ಮೊದಲು ಮ್ಯಾಟನ್ನು ಮುಟ್ಟುತ್ತದೆ. ಅಲ್ಲಿಂದ ಮೈ ಮುಂಗೈ, ತೋಳು, ಬಲ ಭುಜ ಎಂದು ಸಾಗಿ, ಬೆನ್ನನ್ನು ಓರೆಯಾಗಿ ದಾಟಿ ಎಡ ಸೊಂಟದ ಮೇಲೆ ಇಳಿಯುತ್ತದೆ. ಗಲ್ಲ ಎದೆಗೆ ಒತ್ತಿರಬೇಕು, ತಲೆ ಎಲ್ಲಿಯೂ ನೆಲಕ್ಕೆ ತಾಗಬಾರದು. ಬೆನ್ನುಮೂಳೆಯ ಮೇಲೆ ನೇರವಾಗಿ ಉರುಳುವ ಶಾಲೆಯ ಪಲ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಈ ಓರೆ ದಾರಿಯಲ್ಲಿದೆ. ಹಿಂದಕ್ಕೆ ಬೀಳುವಾಗ ಒಂದು ಕಾಲನ್ನು ಮಡಚಿ ಹಿಮ್ಮಡಿಯ ಪಕ್ಕದಲ್ಲೇ ಕುಳಿತು, ಕಣ್ಣನ್ನು ಸೊಂಟದ ಪಟ್ಟಿಯ ಗಂಟಿನ ಮೇಲಿಟ್ಟು ಉರುಳಬೇಕು. ಗಾಬರಿಯಲ್ಲಿ ಕೈಯನ್ನು ಹಿಂದಕ್ಕೆ ಊರುವುದು ಎಲ್ಲರಿಗೂ ಇರುವ ಸಹಜ ಅಭ್ಯಾಸ. ಮಣಿಕಟ್ಟು ಮುರಿಯುವುದು ಅದರಿಂದಲೇ. ಆದ್ದರಿಂದ ಮೊದಲು ಕುಳಿತು, ಅನಂತರ ಮಂಡಿಯೂರಿ, ಕೊನೆಗೆ ನಿಂತು ಬೀಳಿಸುತ್ತಾ ಆ ಅಭ್ಯಾಸವನ್ನು ತಿಂಗಳುಗಟ್ಟಲೆ ತಿದ್ದಬೇಕಾಗುತ್ತದೆ. ಮೊದಲ ವಾರವೇ ಹೊಸಬರನ್ನು ಎತ್ತರದಿಂದ ಎಸೆಯುವ ಕಡೆಗೆ ದಯವಿಟ್ಟು ಹೋಗಬೇಡಿ.

ಈ ಎಚ್ಚರಿಕೆಗೆ ಕಾರಣವಿದೆ. ಐಕಿಡೊ ಸೌಮ್ಯವಾದ ಕಲೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆಯಾದರೂ, ಜಪಾನಿನ ವಿದ್ಯಾರ್ಥಿ ಕ್ಲಬ್ಬುಗಳಲ್ಲಿ ತಲೆ ಮತ್ತು ಕುತ್ತಿಗೆಗೆ ಪೆಟ್ಟಾದ ಗಂಭೀರ ಪ್ರಕರಣಗಳು ದಾಖಲಾಗಿವೆ. ಎದುರಾಳಿಯ ಕೈಯನ್ನು ಅವರ ಹೆಗಲ ಹಿಂದಕ್ಕೆ ಮಡಚಿ ಬೆನ್ನ ಮೇಲೆ ಕೆಡಹುವ ಶಿಹೊನಾಗೆ ಎಂಬ ಎಸೆತ ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಅದೇ ಎಸೆತವನ್ನು ನಿಧಾನವಾಗಿ, ಬೀಳುವವರ ಕೈಯನ್ನು ಅವರ ಮೈಗೆ ಹತ್ತಿರದಲ್ಲೇ ಇಟ್ಟು ಮಾಡಿದರೆ ಹೊಸಬರೂ ಹಾಯಾಗಿ ಬೀಳಬಹುದು. ಇನ್ನು ಮಣಿಕಟ್ಟಿನ ಮೇಲೆ ಹಾಕುವ ನಿಕ್ಯೊ, ಸಂಕ್ಯೊ, ಕೊತೆಗಾಯೆಶಿ ಮೊದಲಾದ ಪಟ್ಟುಗಳಲ್ಲಿ ನೋವು ಶುರುವಾಗುತ್ತಿದ್ದಂತೆಯೇ ಮ್ಯಾಟನ್ನಾಗಲಿ ಸ್ವಂತ ತೊಡೆಯನ್ನಾಗಲಿ ಕೈಯಿಂದ ಗಟ್ಟಿಯಾಗಿ ತಟ್ಟಿ. ಸದ್ದು ಕೇಳಿದ ಕೂಡಲೇ ಜೊತೆಗಾರರು ಬಿಡಬೇಕು, ಇದು ಎಲ್ಲ ಕಡೆಯೂ ಪಾಲಿಸುವ ನಿಯಮ. ನೋವನ್ನು ಸಹಿಸಿ ತೋರಿಸುವುದರಿಂದ ಯಾರ ಗೌರವವೂ ಸಿಗುವುದಿಲ್ಲ, ಕೀಲು ಮಾತ್ರ ಹಾಳಾಗುತ್ತದೆ.

ಜಾಗವನ್ನೂ ಪರೀಕ್ಷಿಸಿ. ನಮ್ಮಲ್ಲಿ ಅನೇಕ ತರಗತಿಗಳು ಟೈಲ್ಸ್ ಅಥವಾ ಗ್ರಾನೈಟ್ ಹಾಸಿದ ಸಭಾಂಗಣಗಳಲ್ಲಿ ನಡೆಯುತ್ತವೆ. ಅಂಥ ನೆಲದ ಮೇಲೆ ತೆಳುವಾದ ಫೋಮ್ ಶೀಟ್ ಸಾಲದು. ಮ್ಯಾಟಿನ ಮೇಲೆ ಮಂಡಿಯೂರಿ ಭಾರ ಹಾಕಿದಾಗ ಕೆಳಗಿನ ನೆಲದ ಗಡಸು ಮಂಡಿಗೆ ತಿಳಿಯಬಾರದು. ಎರಡು ಮ್ಯಾಟುಗಳು ಕೂಡುವ ಜಾಗವನ್ನು ಪಾದದಿಂದ ಅತ್ತಿತ್ತ ತಳ್ಳಿ ನೋಡಿ. ಅಲ್ಲಿ ಸಂದು ಬಿಟ್ಟುಕೊಂಡರೆ ತಿರುಗುವಾಗ ಕಾಲ್ಬೆರಳು ಸಿಕ್ಕಿಕೊಂಡು ಉಳುಕುತ್ತದೆ.

ಬಟ್ಟೆಯ ಖರ್ಚನ್ನು ಕೂಡಲೇ ಮಾಡಬೇಕಾಗಿಲ್ಲ. ಮೊದಲ ತಿಂಗಳು ಟ್ರ್ಯಾಕ್ ಪ್ಯಾಂಟ್, ತುಂಬು ತೋಳಿನ ಟೀ ಶರ್ಟ್ ಸಾಕು. ಮುಂದುವರಿಯುವುದು ಖಚಿತವಾದ ಮೇಲೆ ಜೂಡೊ ಮಾದರಿಯ ದಪ್ಪ ಬಿಳಿ ಉಡುಪನ್ನು ಕೊಳ್ಳಿ. ಇಲ್ಲಿ ತೋಳು, ಕೊರಳಪಟ್ಟಿ ಹಿಡಿದು ಎಳೆಯುವುದು ಹೆಚ್ಚಾದ್ದರಿಂದ ಕರಾಟೆಯ ತೆಳು ಉಡುಪು ಬೇಗ ಹರಿಯುತ್ತದೆ. ಕಪ್ಪು ಅಥವಾ ಗಾಢ ನೀಲಿ ಬಣ್ಣದ ಅಗಲ ನೆರಿಗೆಯ ಹಕಾಮವನ್ನು ಅನೇಕ ಕ್ಲಬ್ಬುಗಳಲ್ಲಿ ಕಪ್ಪು ಪಟ್ಟಿ ಪಡೆದವರು ಮಾತ್ರ ಉಡುತ್ತಾರೆ. ಉಗುರು ಕತ್ತರಿಸಿರಬೇಕು. ಉಂಗುರ, ಕಡಗ, ಬಳೆ, ಓಲೆ, ಕೊರಳ ಸರ ಎಲ್ಲವನ್ನೂ ತೆಗೆದಿಡಬೇಕು. ಮಾಂಗಲ್ಯ ಮತ್ತು ಕಾಲುಂಗುರವನ್ನು ತೆಗೆಯಲು ಮನಸ್ಸಿಲ್ಲದವರು ಮೊದಲೇ ಗುರುಗಳೊಡನೆ ಮಾತನಾಡುವುದು ಒಳ್ಳೆಯದು. ಕಾಲುಂಗುರದ ಮೇಲೆ ಟೇಪ್ ಸುತ್ತಬಹುದು, ಆದರೆ ಕೊರಳಲ್ಲಿ ಸರವಿಟ್ಟುಕೊಂಡು ಉರುಳುವುದು ಅಪಾಯ.

ದರ್ಜೆಗಳ ವಿಷಯದಲ್ಲಿ ಆತುರ ಬೇಡ. ಕಪ್ಪು ಪಟ್ಟಿಗೆ ಮುಂಚಿನ ದರ್ಜೆಗಳನ್ನು ಕ್ಯೂ ಎನ್ನುತ್ತಾರೆ, ಇವುಗಳ ಎಣಿಕೆ ಐದರಿಂದ ಒಂದಕ್ಕೆ ಇಳಿಯುತ್ತದೆ. ಐಕಿಕೈ ಪದ್ಧತಿಯಲ್ಲಿ ಐದನೇ ಕ್ಯೂ ಪರೀಕ್ಷೆಗೆ ಕನಿಷ್ಠ 30 ದಿನಗಳ ಅಭ್ಯಾಸವಾಗಿರಬೇಕು, ಒಂದನೇ ಕ್ಯೂ ಪಡೆದ ಮೇಲೆ ಮೊದಲ ದಾನ್‌ಗೆ ಇನ್ನೂ 70 ದಿನಗಳ ಅಭ್ಯಾಸ ಬೇಕು. ಇಲ್ಲಿ ಎಣಿಸುವುದು ಮ್ಯಾಟಿನ ಮೇಲೆ ಅಭ್ಯಾಸ ಮಾಡಿದ ದಿನಗಳನ್ನು ಮಾತ್ರ; ಅವೂ ಕನಿಷ್ಠ ಮಿತಿಗಳು. ವಾರಕ್ಕೆ ಎರಡು ಮೂರು ದಿನ ಹೋಗುವವರಿಗೆ ಕಪ್ಪು ಪಟ್ಟಿ ಬರಲು ಸಾಮಾನ್ಯವಾಗಿ ಕೆಲವು ವರ್ಷಗಳೇ ಬೇಕು. ಇಷ್ಟು ತಿಂಗಳಲ್ಲಿ ಕಪ್ಪು ಪಟ್ಟಿ ಖಚಿತ ಎಂದು ಭರವಸೆ ಕೊಡುವವರಿಂದ ದೂರವಿರಿ. ಮಾಸಿಕ ಶುಲ್ಕದ ಜೊತೆಗೆ ಪರೀಕ್ಷಾ ಶುಲ್ಕ, ನೋಂದಣಿ ಶುಲ್ಕಗಳನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ. ವರ್ಷದ ಹಣವನ್ನು ಒಟ್ಟಿಗೆ ಕಟ್ಟಬೇಡಿ.

ಪ್ರಶ್ನೆ: ನಾನು ನಿವೃತ್ತಿಯ ಅಂಚಿನಲ್ಲಿರುವ ಶಿಕ್ಷಕಿ, ವಯಸ್ಸು 56. ಮಂಡಿನೋವು ಆಗಾಗ ಕಾಡುತ್ತದೆ. ತರಗತಿಯ ಆರಂಭದಲ್ಲಿ ಮಂಡಿಯೂರಿ ಕುಳಿತು, ಗೋಡೆಯ ಮೇಲಿನ ಭಾವಚಿತ್ರಕ್ಕೆ ಬಗ್ಗಿ ನಮಸ್ಕರಿಸಬೇಕಂತೆ. ನನ್ನಂಥವರು ಸೇರಬಹುದೇ? ಇದು ಯಾವುದಾದರೂ ಮತಾಚರಣೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ವಯಸ್ಸಿನ ಕಾರಣಕ್ಕೆ ಹಿಂಜರಿಯಬೇಡಿ, ಬಹುತೇಕ ಶಾಖೆಗಳಲ್ಲಿ ಸ್ಪರ್ಧೆಯಿಲ್ಲವಾದ್ದರಿಂದ ಹಿರಿಯರು ತಮ್ಮ ವೇಗದಲ್ಲೇ ಕಲಿಯಲು ಇಲ್ಲಿ ಅವಕಾಶವಿದೆ. ಮಂಡಿಯ ವಿಷಯದಲ್ಲಿ ಮಾತ್ರ ಸಂಕೋಚಪಡದೆ ಮೊದಲ ದಿನವೇ ಹೇಳಿಬಿಡಿ. ಸೆಯ್ಜಾ ಎಂದು ಕರೆಯುವ ಆ ಕೂರುವ ಭಂಗಿ ನಮ್ಮ ವಜ್ರಾಸನವೇ ಎನ್ನಬಹುದು. ನೋವಿರುವವರು ಚಕ್ಕಳ ಮಟ್ಟೆ ಹಾಕಿ ಕೂರಬಹುದು, ಅದೂ ಆಗದಿದ್ದರೆ ನಿಂತೇ ನಮಸ್ಕರಿಸಬಹುದು. ಮಂಡಿಯ ಮೇಲೇ ನಡೆಯುತ್ತಾ ಮಾಡುವ ಸುವಾರಿ-ವಾಜಾ ಎಂಬ ಅಭ್ಯಾಸವನ್ನು ನೀವು ಪೂರ್ತಿ ಬಿಟ್ಟು, ಅದೇ ಪಟ್ಟುಗಳನ್ನು ನಿಂತು ಕಲಿಯಿರಿ. ಮೂಳೆ ಸವೆತ, ಕುತ್ತಿಗೆಯ ಸ್ಪಾಂಡಿಲೋಸಿಸ್, ಕಣ್ಣಿನ ಅಕ್ಷಿಪಟಲದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಉರುಳುವ ಅಭ್ಯಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು. ಸಾಧ್ಯವಿಲ್ಲ ಎಂದು ನೀವು ಹೇಳಿದ್ದನ್ನು ಮರುಮಾತಿಲ್ಲದೆ ಒಪ್ಪಿಕೊಳ್ಳುವ ಗುರುಗಳೇ ನಿಮಗೆ ಸರಿಯಾದವರು.

ಗೋಡೆಯ ಮೇಲಿರುವುದು ಸಾಮಾನ್ಯವಾಗಿ ಉಯೆಶಿಬಾ ಅವರ ಭಾವಚಿತ್ರ. ನಿಮ್ಮ ಊರಿನ ಗರಡಿಮನೆಗಳಲ್ಲಿ ಪೈಲ್ವಾನರು ಮಟ್ಟಿಯನ್ನು ಮುಟ್ಟಿ ನಮಸ್ಕರಿಸಿ ಅಖಾಡಕ್ಕೆ ಇಳಿಯುವಂತೆ, ಇದು ಕಲೆಗೆ ಮತ್ತು ಕಲಿಸಿದವರಿಗೆ ಸಲ್ಲಿಸುವ ಗೌರವ. ಉಯೆಶಿಬಾ ಅವರು ಒಮೊತೊ ಎಂಬ ಪಂಥದ ಪ್ರಭಾವಕ್ಕೆ ಒಳಗಾಗಿದ್ದರೆಂಬುದು ನಿಜವಾದರೂ, ಕಲಿಯುವವರು ಆ ನಂಬಿಕೆಗಳನ್ನು ಒಪ್ಪಬೇಕೆಂಬ ನಿಯಮವಿಲ್ಲ.

ಪ್ರಶ್ನೆ: ಮಗಳು ಪಿಯುಸಿ ಓದುತ್ತಿದ್ದಾಳೆ. ಆತ್ಮರಕ್ಷಣೆಗೆಂದು ಐಕಿಡೊಗೆ ಸೇರಿಸಿದರೆ ಆರು ತಿಂಗಳಲ್ಲಿ ಉಪಯೋಗಕ್ಕೆ ಬರುತ್ತದೆಯೇ?
— ತಂದೆಯೊಬ್ಬರು, ತುಮಕೂರು

ಉತ್ತರ: ಆರು ತಿಂಗಳಲ್ಲಿ ಬರುವುದಿಲ್ಲ. ಐಕಿಡೊ ಅಭ್ಯಾಸದಲ್ಲಿ ದಾಳಿ ಮಾಡುವವರು ಗೊತ್ತಾದ ರೀತಿಯಲ್ಲಿ ಮಣಿಕಟ್ಟು ಹಿಡಿಯುತ್ತಾರೆ ಅಥವಾ ಕೈ ಬೀಸುತ್ತಾರೆ, ಬೀಳುವಾಗ ಸಹಕರಿಸುತ್ತಾರೆ. ಪ್ರತಿರೋಧಿಸುವ ಅಪರಿಚಿತರ ಮೇಲೆ ಅದೇ ಪಟ್ಟು ನಡೆಯಬೇಕಾದರೆ ವರ್ಷಗಳ ಸಾಧನೆ ಬೇಕು. ತುರ್ತಾಗಿ ಬೇಕಿರುವುದು ಆತ್ಮರಕ್ಷಣೆಯೇ ಆದರೆ, ಪ್ರತಿರೋಧದ ನಡುವೆ ಅಭ್ಯಾಸ ಮಾಡಿಸುವ ಜೂಡೊ ಅಥವಾ ಬಾಕ್ಸಿಂಗ್ ಮೇಲು. ಮಗಳಿಗೆ ಐಕಿಡೊ ಬಗ್ಗೆಯೇ ಆಸಕ್ತಿಯಿದ್ದರೆ ಖಂಡಿತ ಸೇರಿಸಿ. ಸುರಕ್ಷಿತವಾಗಿ ಬೀಳುವುದು, ಅಂತರ ಕಾಯ್ದುಕೊಳ್ಳುವುದು, ಕೈ ಹಿಡಿದವರ ಎದುರು ಮೈ ಮರಗಟ್ಟದಿರುವುದು ಜೀವನವಿಡೀ ಉಳಿಯುವ ಗಳಿಕೆಗಳು. ಮೊದಲ ಕೆಲವು ತರಗತಿಗಳಿಗೆ ನೀವೂ ಹೋಗಿ ಕುಳಿತುಕೊಳ್ಳಿ. ಬೇಡವೆನಿಸಿದ ಜೊತೆಗಾರರೊಡನೆ ಅಭ್ಯಾಸ ಮಾಡುವುದಿಲ್ಲ ಎಂದು ಕಾರಣ ಕೊಡದೆ ಹೇಳುವ ಹಕ್ಕು ಅವಳಿಗಿದೆಯೇ ಎಂದು ಗುರುಗಳನ್ನು ಕೇಳಿ, ಹೌದೆಂಬ ಉತ್ತರ ಬಂದರೆ ಮಾತ್ರ ಸೇರಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕಲಿಯಲು ಆರಂಭಿಸಿದ್ದೇನೆ, ಉದ್ಯೋಗಕ್ಕಾಗಿ ಮುಂದಿನ ವರ್ಷ ಟೋಕಿಯೊಗೆ ಹೋಗುವವನಿದ್ದೇನೆ. ಅಲ್ಲಿ ಮುಂದುವರಿಸಬಹುದೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮದು ಐಕಿಕೈ ಶಾಖೆಯಾದರೆ ಶಿಂಜುಕು ಪ್ರದೇಶದಲ್ಲಿರುವ ಹೊಂಬು ದೋಜೊದಲ್ಲೇ, ಅಂದರೆ ಅದರ ಕೇಂದ್ರ ಅಭ್ಯಾಸ ಶಾಲೆಯಲ್ಲೇ, ಅಭ್ಯಾಸ ಮಾಡಬಹುದು, ವಿದೇಶೀಯರು ಅಲ್ಲಿ ಬಹುಕಾಲದಿಂದ ಕಲಿಯುತ್ತಿದ್ದಾರೆ, ಹೊಸಬರಿಗೆ ಪ್ರತ್ಯೇಕ ತರಗತಿಗಳೂ ಇವೆ. ಪಟ್ಟುಗಳ ಹೆಸರು ಎಲ್ಲ ದೇಶಗಳಲ್ಲೂ ಜಪಾನೀ ಭಾಷೆಯಲ್ಲೇ ಇರುವುದರಿಂದ ಭಾಷೆ ಬಾರದಿದ್ದರೂ ತರಗತಿ ಅರ್ಥವಾಗುತ್ತದೆ. ಹೊರಡುವ ಮೊದಲು ನಿಮ್ಮ ಗುರುಗಳಿಗೆ ವಿಷಯ ತಿಳಿಸಿ, ನಿಮ್ಮ ಕ್ಯೂ ದರ್ಜೆ ಮತ್ತು ಅಭ್ಯಾಸದ ದಿನಗಳನ್ನು ನಮೂದಿಸಿದ ಪತ್ರವೊಂದನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಅಲ್ಲಿ ಹೋದ ಮೇಲೆ ಕೆಲಕಾಲ ಬಿಳಿ ಪಟ್ಟಿಯಲ್ಲೇ ಹೊಸಬರ ತರಗತಿಗೆ ಹೋಗಿ, ದರ್ಜೆಯ ಮಾತನ್ನು ಅಲ್ಲಿನ ಗುರುಗಳು ಎತ್ತಿದಾಗ ಪತ್ರವನ್ನು ತೋರಿಸಿ.